ಬಚ್ಚಲ ನೀರು ಕಾನೂನುಬದ್ಧವಾದ ಕಥೆ

ಸ್ನಾನದ ನೀರನ್ನು ಗಿಡದ ಬುಡಕ್ಕೆ ಬಿಡಬಾರದೆಂದು ಹೆಸರಿಟ್ಟು ನಿಷೇಧಿಸಿದ ಕಾನೂನು ಹುಡುಕಿದರೂ ಸಿಗುವುದು ಅಪರೂಪ. ಆದರೂ ಇಪ್ಪತ್ತನೆಯ ಶತಮಾನದ ಬಹುಕಾಲ ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅದು ನಿಯಮಬಾಹಿರವೇ ಆಗಿತ್ತು. ನಿಷೇಧ ಅಡಗಿದ್ದದ್ದು ಒಂದು ವ್ಯಾಖ್ಯೆಯಲ್ಲಿ: ಮನೆಯಿಂದ ಹೊರಬೀಳುವ ಬಳಸಿದ ನೀರೆಲ್ಲ ಕೊಳಚೆ, ಕೊಳಚೆ ಹೋಗಬೇಕಾದದ್ದು ಒಳಚರಂಡಿಗೆ, ಅದಿಲ್ಲದ ಕಡೆ ಸೆಪ್ಟಿಕ್ ಟ್ಯಾಂಕಿಗೆ. ಕೈತೊಳೆದ ನೀರಿಗೂ ಶೌಚಾಲಯದ ನೀರಿಗೂ ನಿಯಮದ ಕಣ್ಣಿನಲ್ಲಿ ಭೇದವಿರಲಿಲ್ಲ.

ಹಾಗೆ ಬರೆದವರನ್ನು ಮೂರ್ಖರೆನ್ನುವಂತಿಲ್ಲ. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದಾಗ ವೈದ್ಯ ಜಾನ್ ಸ್ನೋ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನತ್ತ ಬೊಟ್ಟುಮಾಡಿದ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಸಂಸತ್ ಭವನದೊಳಕ್ಕೇ ನುಗ್ಗಿತು. ಅದಾದ ಮೇಲೆ ಎಂಜಿನಿಯರ್ ಜೋಸೆಫ್ ಬಜಾಲ್‌ಗೆಟ್‌ನ ಯೋಜನೆಯಂತೆ ನಗರದ ಅಡಿಯಲ್ಲಿ ಇಟ್ಟಿಗೆಯ ಚರಂಡಿಗಳು ಹರಡಿಕೊಂಡವು. ಬಳಸಿದ ನೀರು ಮನುಷ್ಯರ ಕೈಗೆ ಸಿಗದಂತೆ ದೂರ ಹೋಗಬೇಕು ಎಂಬ ಪಾಠವನ್ನು ನಗರಗಳು ಕಲಿತದ್ದು ಹೆಣಗಳನ್ನು ಎಣಿಸಿಯೇ. ಅಮೆರಿಕದಲ್ಲಿ ಈ ಪಾಠ 1920ರ ದಶಕದಲ್ಲಿ, ಹರ್ಬರ್ಟ್ ಹೂವರ್ ವಾಣಿಜ್ಯ ಇಲಾಖೆಯ ಮುಖ್ಯಸ್ಥನಾಗಿದ್ದಾಗ, ಮಾದರಿ ಕೊಳಾಯಿ ನಿಯಮಗಳ ರೂಪ ಪಡೆಯಿತು. 1945ರಲ್ಲಿ ಯೂನಿಫಾರ್ಮ್ ಪ್ಲಂಬಿಂಗ್ ಕೋಡ್ ಎಂಬ ಏಕರೂಪದ ಕೊಳಾಯಿ ನಿಯಮಾವಳಿ ಬಂತು. ನೀರಿನ ಬರ ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ.

ಬಚ್ಚಲು, ಕೈತೊಳೆಯುವ ಬೇಸಿನ್ನು, ಬಟ್ಟೆ ಒಗೆಯುವ ಯಂತ್ರ – ಇವುಗಳಿಂದ ಬರುವುದನ್ನು ಈಗ ಬೂದುನೀರು ಎನ್ನುತ್ತಾರೆ. ಶೌಚಾಲಯದ್ದು ಕಪ್ಪುನೀರು. ಅಡುಗೆಮನೆಯ ಸಿಂಕಿನ ನೀರು ಯಾವ ಬಣ್ಣದ್ದೆಂಬ ಜಗಳ ಇನ್ನೂ ಮುಗಿದಿಲ್ಲ. ಜಿಡ್ಡು, ಅನ್ನದ ಅಗುಳು, ಹಸಿ ಮಾಂಸ ತೊಳೆದ ನೀರು ಅದರಲ್ಲಿ ಸೇರುವುದರಿಂದ ಕ್ಯಾಲಿಫೋರ್ನಿಯಾ, ಅರಿಜೋನಾಗಳು ಅದನ್ನು ಬೂದುನೀರಿನಿಂದ ಹೊರಗಿಟ್ಟವು. ಬೂದುನೀರಂತೂ ಶುದ್ಧವೆಂದು ಯಾರೂ ಹೇಳುವುದಿಲ್ಲ. ಮೈಯ ಕೊಳೆ, ಸೋಪು, ಮಗುವಿನ ಬಟ್ಟೆಯ ಮಲದ ಅಂಶ ಎಲ್ಲವೂ ಅದರಲ್ಲಿ ಇರುತ್ತವೆ. ಒಂದು ದಿನಕ್ಕಿಂತ ಹೆಚ್ಚು ಶೇಖರಿಸಿಟ್ಟರೆ ಬ್ಯಾಕ್ಟೀರಿಯಾ ಆಮ್ಲಜನಕವನ್ನೆಲ್ಲ ಮುಗಿಸಿ, ನೀರು ಕೊಳೆತು ನಾರತೊಡಗುತ್ತದೆ. ಹೀಗಾಗಿ, ಶುದ್ಧೀಕರಿಸದ ಬೂದುನೀರನ್ನು 24 ಗಂಟೆ ಮೀರಿ ಇಡಬಾರದೆಂಬ ಮಾತು ಹಲವು ದೇಶಗಳ ನಿಯಮಗಳಲ್ಲಿ ಸಿಗುತ್ತದೆ. ಅದೇ ನೀರು ಮೇಲ್ಮಣ್ಣಿನಲ್ಲಿ ಇಂಗಿದರೆ ಮಣ್ಣಿನ ಜೀವಿಗಳೇ ಅದನ್ನು ಜೀರ್ಣಿಸಿಕೊಳ್ಳುತ್ತವೆ. ಅಂದರೆ ಅಪಾಯ ಇರುವುದು ನೀರಿನಲ್ಲಿ ಮಾತ್ರವಲ್ಲ. ಅದು ಎಲ್ಲಿ ನಿಲ್ಲುತ್ತದೆ, ಯಾರ ಮೈಗೆ ತಾಗುತ್ತದೆ ಎಂಬುದರಲ್ಲೂ ಇದೆ. ಕಾನೂನಿಗೆ ಇದು ಹೊಳೆಯಲು ದಶಕಗಳೇ ಬೇಕಾದವು.

ಹೊಳೆಯುವಂತೆ ಮಾಡಿದ್ದು ಬರ. 1976–77ರ ಬರದಲ್ಲಿ ಕ್ಯಾಲಿಫೋರ್ನಿಯಾದ ಜನ ಬಕೆಟ್ಟಿನಲ್ಲಿ ಬಚ್ಚಲ ನೀರು ಹೊತ್ತು ಗಿಡ ಉಳಿಸಿಕೊಂಡರು. ಮಳೆ ಬಂತು, ಮಾತು ಅಲ್ಲಿಗೇ ನಿಂತಿತು. 1987ರಲ್ಲಿ ಶುರುವಾದ ಬರ ಮಾತ್ರ ಆರು ವರ್ಷ ಬಿಡಲಿಲ್ಲ. 1989ರಲ್ಲಿ ಸ್ಯಾಂಟಾ ಬಾರ್ಬರಾ ಕೌಂಟಿ ಬೂದುನೀರಿನ ಬಳಕೆಗೆ ಒಪ್ಪಿಗೆ ಕೊಟ್ಟಿತು. ಅಮೆರಿಕದಲ್ಲಿ ಇಂಥ ಒಪ್ಪಿಗೆ ಇದೇ ಮೊದಲೆನ್ನುತ್ತಾರೆ. ಲಾಸ್ ಏಂಜಲೀಸ್ ನಗರ ಎಂಟು ಮನೆಗಳಲ್ಲಿ ಪ್ರಯೋಗ ನಡೆಸಿತು. ಬೂದುನೀರು ಬಿಟ್ಟ ಮಣ್ಣಿನಲ್ಲಿ ಮಲಮೂಲದ ಸೂಚಕ ಬ್ಯಾಕ್ಟೀರಿಯಾ ಸಿಕ್ಕವು ನಿಜ, ಆದರೆ ಆ ನೀರು ಕಾಣದ ಪಕ್ಕದ ಮಣ್ಣಿನಲ್ಲೂ ಸಿಕ್ಕವು.

1992ರಲ್ಲಿ ಕ್ಯಾಲಿಫೋರ್ನಿಯಾ ಒಂಟಿ ಕುಟುಂಬದ ಮನೆಗಳಿಗಾಗಿ ರಾಜ್ಯಮಟ್ಟದ ಕಾಯ್ದೆ ಮಾಡಿತು, ಬಳಿಕ ಅದಕ್ಕೊಂದು ಮಾನದಂಡ ಬಂತು. ಕಾಯ್ದೆ ಬಾಗಿಲು ತೆರೆಯಿತು, ಮಾನದಂಡ ಅದನ್ನು ಮುಕ್ಕಾಲು ಮುಚ್ಚಿತು. ಅದನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ತೋಟವಲ್ಲ, ಸೆಪ್ಟಿಕ್ ಟ್ಯಾಂಕು. ತೊಟ್ಟಿ, ಮಣ್ಣಿನ ಪರೀಕ್ಷೆ, ನಕ್ಷೆ, ಪರವಾನಗಿ, ನೆಲದಡಿ ಹೂತ ಕೊಳವೆ. ಎರಡು ನಿಂಬೆ ಗಿಡಕ್ಕೆ ನೀರು ಬಿಡಬೇಕೆಂದವನಿಗೆ ಇದು ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ. ಅದೂ ಸಾಲದೆಂಬಂತೆ, ಕೊಳೆಯನ್ನು ಚೆನ್ನಾಗಿ ಜೀರ್ಣಿಸುವ ಮೇಲ್ಮಣ್ಣನ್ನು ದಾಟಿಸಿ, ಬೇರಿಗೆ ಎಟುಕದಷ್ಟು ಆಳಕ್ಕೆ ನೀರನ್ನು ಇಳಿಸುವ ವ್ಯವಸ್ಥೆ ಅದಾಗಿತ್ತು.

ಜನ ಏನು ಮಾಡಿದರು? ಪರವಾನಗಿ ಕೇಳಲಿಲ್ಲ, ನೀರು ಬಿಡುವುದನ್ನು ನಿಲ್ಲಿಸಲೂ ಇಲ್ಲ. ಸೋಪು ತಯಾರಕರ ಸಂಘ 1999ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಅಮೆರಿಕದ ಸುಮಾರು ಶೇ 7ರಷ್ಟು ಮನೆಗಳು ಬೂದುನೀರು ಬಳಸುತ್ತಿದ್ದುದು ಕಂಡುಬಂತು. ಅದೇ ಸುಮಾರಿಗೆ ಓಕ್‌ಲ್ಯಾಂಡಿನಲ್ಲಿ ಒಂದು ಗುಂಪು ತನ್ನನ್ನು ‘ಗ್ರೇವಾಟರ್ ಗೆರಿಲ್ಲಾಸ್’ ಎಂದೇ ಕರೆದುಕೊಂಡು, ಪರವಾನಗಿಯಿಲ್ಲದೆ ಬಚ್ಚಲ ಕೊಳವೆಯನ್ನು ತೋಟಕ್ಕೆ ತಿರುಗಿಸುವುದನ್ನು ಜನರಿಗೆ ಕಲಿಸುತ್ತಿತ್ತು. ಮುಂದೆ ಇದೇ ಗುಂಪು ಹೆಸರು ಬದಲಿಸಿಕೊಂಡು ನಿಯಮ ತಿದ್ದುವ ಕೆಲಸದಲ್ಲಿ ಪಾಲ್ಗೊಂಡಿತು.

ನನ್ನ ಮಟ್ಟಿಗೆ ಈ ಇತಿಹಾಸದ ನಿಜವಾದ ತಿರುವು ಅರಿಜೋನಾದ್ದು. ಟೂಸಾನ್ ಸುತ್ತಮುತ್ತ ನಡೆದ ಸಮೀಕ್ಷೆಯೊಂದು ಶೇ 13ರಷ್ಟು ಮನೆಗಳು ಆಗಲೇ ಬೂದುನೀರು ಬಳಸುತ್ತಿವೆ ಎಂದಿತು, ಬಹುತೇಕ ಎಲ್ಲವೂ ಅನುಮತಿಯಿಲ್ಲದೆ. ಅಧಿಕಾರಿಗಳ ಮುಂದೆ ಎರಡು ದಾರಿ ಇದ್ದವು: ಅಷ್ಟೂ ಮನೆಗಳಿಗೆ ನೋಟಿಸು ಕೊಡುವುದು, ಇಲ್ಲವೇ ಅವರು ಮಾಡುತ್ತಿರುವುದನ್ನೇ ಸುರಕ್ಷಿತವಾಗಿ ಮಾಡಲು ಹೇಳಿಕೊಡುವುದು. 2001ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ ಎರಡನೆಯದನ್ನು ಆರಿಸಿತು. ದಿನಕ್ಕೆ 400 ಗ್ಯಾಲನ್, ಅಂದರೆ ಸುಮಾರು 1,500 ಲೀಟರಿಗಿಂತ ಕಡಿಮೆ ಬಳಸುವ ಮನೆ ಅರ್ಜಿಯನ್ನೇ ಹಾಕಬೇಕಾಗಿಲ್ಲ. 13 ಷರತ್ತು ಪಾಲಿಸಿದರೆ ಅನುಮತಿ ತಾನಾಗಿಯೇ ಸಿಕ್ಕಂತೆ. ನೀರು ಮೇಲೆ ನಿಲ್ಲಬಾರದು, ಪಕ್ಕದವರ ಜಾಗಕ್ಕೆ ಹರಿಯಬಾರದು, ತುಂತುರಾಗಿ ಚಿಮ್ಮಿಸಬಾರದು, ಮಲ ತಾಗಿದ ಬಟ್ಟೆ ಒಗೆದ ನೀರು ಸೇರಬಾರದು – ಷರತ್ತುಗಳು ಈ ಬಗೆಯವು. ಓದಿದರೆ ಯಾರಿಗೂ ಅರ್ಥವಾಗುತ್ತವೆ. ಅದಕ್ಕಿಂತ ದೊಡ್ಡ ಪ್ರಮಾಣಕ್ಕೆ ಬಿಗಿಯಾದ ಎರಡನೆಯ ಹಂತ, ದಿನಕ್ಕೆ 3,000 ಗ್ಯಾಲನ್ ಮೀರಿದರೆ ಪ್ರತ್ಯೇಕ ಪರವಾನಗಿ. ಅಪಾಯ ಬೆಳೆದಂತೆ ನಿಯಮವೂ ಬೆಳೆಯಲಿ ಎಂಬುದಷ್ಟೇ ಇದರ ಹಿಂದಿನ ವಿಚಾರ. ನ್ಯೂ ಮೆಕ್ಸಿಕೊ 2003ರಲ್ಲಿ 250 ಗ್ಯಾಲನ್ ಮಿತಿಯಿಟ್ಟು ಇದೇ ಹಾದಿ ಹಿಡಿಯಿತು.

ಕ್ಯಾಲಿಫೋರ್ನಿಯಾ ತನ್ನ ನಿಯಮ ತಿದ್ದಿಕೊಳ್ಳಲು ಮತ್ತೊಂದು ಬರವೇ ಬರಬೇಕಾಯಿತು. 2008ರಲ್ಲಿ ಶಾಸನಸಭೆ ಪರಿಷ್ಕರಣೆಗೆ ಆದೇಶಿಸಿತು, 2009ರ ಆಗಸ್ಟಿನಲ್ಲಿ ಹೊಸ ನಿಯಮ ತುರ್ತಾಗಿ ಜಾರಿಯಾಯಿತು. ಬಟ್ಟೆ ಒಗೆಯುವ ಯಂತ್ರದ ನೀರನ್ನು ತೋಟಕ್ಕೆ ತಿರುಗಿಸಲು ಒಂದು-ಎರಡು ಕುಟುಂಬಗಳ ಮನೆಗಳಿಗೆ ಕಟ್ಟಡ ಪರವಾನಗಿಯೇ ಬೇಡವಾಯಿತು. ಆರ್ಟ್ ಲಡ್ವಿಗ್ ಎಂಬ ವಿನ್ಯಾಸಕಾರ ರೂಪಿಸಿದ ಈ ವ್ಯವಸ್ಥೆಯಲ್ಲಿ ಬೇರೆ ಪಂಪು ಇಲ್ಲ, ತೊಟ್ಟಿಯೂ ಇಲ್ಲ. ಯಂತ್ರದೊಳಗಿನ ಪಂಪೇ ನೀರನ್ನು ತಳ್ಳುತ್ತದೆ. ಗೋಡೆಯ ಮೇಲಿನ ಒಂದು ಕವಾಟ ತಿರುಗಿಸಿದರೆ ನೀರು ತೋಟಕ್ಕೆ ಹೋಗುವ ಬದಲು ಮತ್ತೆ ಒಳಚರಂಡಿಗೆ. ಬ್ಲೀಚ್ ಹಾಕಿದ ದಿನ, ಮಳೆಯ ದಿನ ಇದು ಬೇಕೇ ಬೇಕು. ನೀರು ಬೀಳುವ ಜಾಗದ ಮೇಲೆ ಕನಿಷ್ಠ ಎರಡು ಅಂಗುಲ ತರಗೆಲೆ, ಮರದ ಚಕ್ಕೆ, ಕಲ್ಲು ಅಥವಾ ಮಣ್ಣಿನ ಹೊದಿಕೆ ಇರಬೇಕು. ಮಗು, ನಾಯಿ, ಸೊಳ್ಳೆ ಮೂವರಿಂದಲೂ ಅದು ರಕ್ಷಣೆ. ಆಳದ ಕೊಳವೆಯ ಜಾಗವನ್ನು ಈ ಹೊದಿಕೆ ಹಿಡಿದದ್ದು ಪುಟ್ಟ ಬದಲಾವಣೆಯಂತೆ ಕಂಡರೂ ಹದಿನೈದು ವರ್ಷದ ವಾದ ಅದರ ಹಿಂದಿತ್ತು.

ಆಸ್ಟ್ರೇಲಿಯಾದಲ್ಲೂ ಆದದ್ದು ಹೆಚ್ಚುಕಡಿಮೆ ಇದೇ. ಅಲ್ಲಿ ಶತಮಾನದ ತಿರುವಿನ ದೀರ್ಘ ಬರದಲ್ಲಿ ಸರ್ಕಾರ ಅನುಮತಿ ಕೊಟ್ಟದ್ದಷ್ಟೇ ಅಲ್ಲ, 2009ರಿಂದ ಕೆಲಕಾಲ 500 ಡಾಲರ್‌ವರೆಗೆ ಸಹಾಯಧನವನ್ನೂ ಕೊಟ್ಟಿತು.

ದೊಡ್ಡ ಕಟ್ಟಡಗಳ ಕಥೆ ಸಾಗಿದ್ದು ಸರಿಯಾಗಿ ತಿರುಗುಮುರುಗಾಗಿ. ಮನೆಗಳಲ್ಲಿ ನಿಯಮ ಸಡಿಲವಾದಷ್ಟೂ ಬಳಕೆ ಸುರಕ್ಷಿತವಾಯಿತು. ಕಚೇರಿ, ಹೋಟೆಲು, ವಸತಿ ಸಮುಚ್ಚಯಗಳಲ್ಲಿ ನಿಯಮ ಬಿಗಿಯಾದ ಮೇಲಷ್ಟೇ ಬಳಕೆ ಸಾಧ್ಯವಾಯಿತು. ಅಲ್ಲಿ ನೀರು ತೋಟಕ್ಕಲ್ಲ, ನೂರಾರು ಶೌಚಾಲಯಗಳ ಫ್ಲಶ್‌ಗೆ ಹೋಗುತ್ತದೆ. ಬಳಸುವವನಿಗೆ ಅದು ಎಲ್ಲಿಂದ ಬಂತೆಂಬ ಅರಿವಿರುವುದಿಲ್ಲ. ಜಪಾನು ಇದರಲ್ಲಿ ಮುಂಚೂಣಿಯಲ್ಲಿತ್ತು: 1978ರಲ್ಲಿ ಫುಕುವೊಕಾ ನಗರ 287 ದಿನ ನೀರಿನ ಕಡಿತ ಅನುಭವಿಸಿದ ಮೇಲೆ ಶುದ್ಧೀಕರಿಸಿದ ನೀರಿಗೆ ಬೇರೆ ಕೊಳವೆಜಾಲ ಹಾಕಿತು. ಟೋಕಿಯೊ 1984ರಿಂದ ದೊಡ್ಡ ಕಟ್ಟಡಗಳನ್ನು ಮರುಬಳಕೆಯ ಕಡೆ ತಳ್ಳಿತು.

ಎರಡು ಕೊಳವೆ ಇದ್ದಲ್ಲಿ ಎರಡೂ ಕೂಡಿಕೊಳ್ಳುವ ಭಯ ಇದ್ದೇ ಇರುತ್ತದೆ. ಅದು ಬರೀ ಭಯವಲ್ಲ ಎಂದು ತೋರಿಸಿದ್ದು ನೆದರ್ಲೆಂಡ್ಸ್. ಉಟ್ರೆಕ್ಟ್ ಬಳಿಯ ಲೈಡ್ಸ ರೈನ್ ಬಡಾವಣೆಯಲ್ಲಿ ಫ್ಲಶ್ ಮತ್ತು ಬಟ್ಟೆ ಒಗೆತಕ್ಕೆಂದು ಅರೆಶುದ್ಧ ನೀರು ಬೇರೆ ಕೊಳವೆಯಲ್ಲಿ ಬರುತ್ತಿತ್ತು. 2001ರ ಕೊನೆಯಲ್ಲಿ ಅದು ಕುಡಿಯುವ ನೀರಿನ ಜಾಲಕ್ಕೆ ಸೇರಿಕೊಂಡು ಜನ ಹೊಟ್ಟೆಬೇನೆಗೆ ಬಿದ್ದರು. ಅದು ಬಚ್ಚಲ ನೀರಲ್ಲ, ನದಿಮೂಲದ ನೀರು. ಆದರೂ ಸರ್ಕಾರ 2003ರಲ್ಲಿ ಇಂಥ ದೊಡ್ಡ ಜೋಡಿ ಜಾಲಗಳನ್ನೇ ಕೈಬಿಟ್ಟಿತು. ಒಂದು ತಪ್ಪು ಜೋಡಣೆ ಇಡೀ ದೇಶದ ನೀತಿಯನ್ನು ತಿರುಗಿಸಿತು.

ಸ್ಯಾನ್ ಫ್ರಾನ್ಸಿಸ್ಕೊ ಇದೇ ಭಯವನ್ನು ಬೇರೆ ರೀತಿ ಎದುರಿಸಿತು. ಕಟ್ಟಡದೊಳಗೇ ನೀರು ಶುದ್ಧೀಕರಿಸಲು ಹೊರಟವರು ಆರೋಗ್ಯ, ಕಟ್ಟಡ ತಪಾಸಣೆ, ನೀರು ಪೂರೈಕೆ ಎಂದು ಇಲಾಖೆಯಿಂದ ಇಲಾಖೆಗೆ ಅಲೆಯಬೇಕಿತ್ತು. 2012ರಲ್ಲಿ ನಗರಸಭೆ ಅಂಗೀಕರಿಸಿದ ನಿಯಮವೊಂದು ಯಾವ ಇಲಾಖೆಯ ಹೊಣೆ ಯಾವುದೆಂದು ಗೊತ್ತುಮಾಡಿತು. ಐಚ್ಛಿಕವಾಗಿದ್ದದ್ದು 2015ರಲ್ಲಿ 2,50,000 ಚದರಡಿ ಮೀರಿದ ಹೊಸ ಕಟ್ಟಡಗಳಿಗೆ ಕಡ್ಡಾಯವಾಯಿತು, 2021ರ ತಿದ್ದುಪಡಿಯಲ್ಲಿ ಮಿತಿ 1,00,000 ಚದರಡಿಗೆ ಇಳಿಯಿತು. ಯಾವ ಯಂತ್ರ ಹಾಕಬೇಕೆಂದು ನಿಯಮ ಹೇಳುವುದಿಲ್ಲ. ರೋಗಾಣು ಎಷ್ಟು ಪಟ್ಟು ಇಳಿಯಬೇಕೆಂದು ಹೇಳುತ್ತದೆ. ಜೈವಿಕ ಸಂಸ್ಕರಣೆ, ಪೊರೆಯ ಸೋಸುವಿಕೆ, ಅತಿನೇರಳೆ ಕಿರಣ, ಕ್ಲೋರಿನ್ ಒಂದರ ಹಿಂದೊಂದು ನಿಲ್ಲುತ್ತವೆ. ಅಳತೆ ತಪ್ಪಿದ ಕ್ಷಣ ನೀರು ತಾನಾಗಿ ಒಳಚರಂಡಿಗೆ ತಿರುಗಬೇಕು. ಇದನ್ನು ರಾಜ್ಯಕ್ಕೆಲ್ಲ ವಿಸ್ತರಿಸಲು ಕ್ಯಾಲಿಫೋರ್ನಿಯಾ 2018ರಲ್ಲಿ ಕಾಯ್ದೆ ಮಾಡಿ, 2022ರ ಡಿಸೆಂಬರಿನೊಳಗೆ ಮಾನದಂಡ ಸಿದ್ಧವಾಗಬೇಕೆಂದಿತು. ಗಡುವು ದಾಟಿಹೋಯಿತು.

ಆಕ್ಷೇಪಗಳೆಲ್ಲ ಆರೋಗ್ಯದ್ದೇ ಅಲ್ಲ. ಇಸ್ರೇಲ್ ತನ್ನ ಕೊಳಚೆ ನೀರಿನ ಸುಮಾರು ಶೇ 90ರಷ್ಟನ್ನು ಶುದ್ಧೀಕರಿಸಿ ಹೊಲಗಳಿಗೆ ಕೊಡುತ್ತದೆ. ಅಂಥ ಕಡೆ ಮನೆಯಲ್ಲಿ ಹಿಡಿದಿಟ್ಟ ನೀರು ಉಳಿತಾಯವಲ್ಲ, ಬೇರೆಯವರ ಪಾಲು. ಅಲ್ಲಿನ ಆರೋಗ್ಯ ಸಚಿವಾಲಯವೂ ಮನೆಬಳಕೆಯನ್ನು ಬಹುಕಾಲ ವಿರೋಧಿಸಿತು. ಕೊಳಚೆ ಸಮುದ್ರ ಸೇರುವ ಊರಿನಲ್ಲಿ ಮಾತ್ರ ಪ್ರತಿ ಲೀಟರೂ ನಿಜವಾದ ಲಾಭ.

ಈ ಪಾಲಿನ ಜಗಳ ತಾರಕಕ್ಕೇರಿದ್ದು ಕೊಲರಾಡೊದಲ್ಲಿ. ಅಲ್ಲಿ ನದಿಯ ನೀರಿಗೆ ಮೊದಲು ಬಳಸಿದವನಿಗೆ ಮೊದಲ ಹಕ್ಕು. ಮೇಲಿನ ಊರಿನವರು ಬಳಸಿ ಬಿಟ್ಟ ನೀರಿನ ಮೇಲೂ ಕೆಳಗಿನವರ ಹಕ್ಕಿರುತ್ತದೆ. ಮನೆಯ ಸೂರಿನ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿಯಲು ಹೆಚ್ಚಿನವರಿಗೆ ಅನುಮತಿ ಸಿಕ್ಕದ್ದೇ 2016ರಲ್ಲಿ. ಬೂದುನೀರಿಗೆ 2013ರ ಕಾಯ್ದೆ ಅವಕಾಶ ಕೊಟ್ಟಿತಾದರೂ ಪ್ರತಿ ನಗರ, ಕೌಂಟಿ ಬೇರೆಬೇರೆಯಾಗಿ ನಿಯಮ ಅಂಗೀಕರಿಸಬೇಕಿತ್ತು. ಡೆನ್ವರ್ ಸೇರಿ ಬೆರಳೆಣಿಕೆಯ ಕಡೆ ಮಾತ್ರ ಅದಾಯಿತು. ಉಳಿದವರು ಬೇಡವೆನ್ನಲಿಲ್ಲ, ಏನೂ ಮಾಡದೆ ಕೂತರು. ಏನೂ ಮಾಡದಿದ್ದರೆ ನಿಷೇಧವೇ ಮುಂದುವರಿಯುತ್ತಿತ್ತು. 2024ರ ಕಾಯ್ದೆ ಆ ಲೆಕ್ಕವನ್ನು ಮಗುಚಿಹಾಕಿತು: 2026ರ ಜನವರಿ 1ರಿಂದ ಬೂದುನೀರಿನ ಬಳಕೆಗೆ ರಾಜ್ಯದಲ್ಲೆಲ್ಲ ಅವಕಾಶ, ಬೇಡವೆನ್ನುವ ಊರು ಅದಕ್ಕಾಗಿ ತಾನೇ ನಿರ್ಣಯ ಮಾಡಬೇಕು.