ಕಳಿಸುವುದು ಬೇರೆ, ಕೂಡಿ ಬರೆಯುವುದು ಬೇರೆ

'ಹಂಚಿಕೆ, ಸಹಯೋಗ, ಕಲಿಕೆ' ಈ ಮೂರು ಪದ ಅಂತರ್ಜಾಲದ ಬಗ್ಗೆ ಇರುವ ನಮ್ಮ ಪಾಠದಲ್ಲಿ ಒಂದೇ ಉಸಿರಿಗೆ ಬರುತ್ತವೆ. ನನಗೆ ಗೊಂದಲ ಆಗಿದ್ದೇ ಅಲ್ಲಿ. ಬಿಡಿಸಿ ಬರೆದುಕೊಂಡೆ, ನಿಮಗೂ ಆಗಬಹುದು.

ಹಂಚಿಕೆ ಸುಲಭ. ವಾಟ್ಸಾಪ್ ಗುಂಪಿಗೆ ಪಿಡಿಎಫ್ ಹಾಕಿದರೆ ಮುಗಿಯಿತು. ಮಂಗಳೂರಿನ ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಗಳೂ ಇದನ್ನೇ ಮಾಡುತ್ತಿದ್ದವು, ಸ್ವಲ್ಪ ನಿಧಾನ ಅಷ್ಟೆ. ಐವತ್ತು ಜನಕ್ಕೆ ಐವತ್ತು ಪ್ರತಿ. ನನ್ನ ಪ್ರತಿಯಲ್ಲಿ ತಪ್ಪು ತಿದ್ದಿದರೆ ನಿಮ್ಮದರಲ್ಲಿ ಅದು ಹಾಗೇ ಉಳಿಯುತ್ತದೆ.

ಸಹಯೋಗದಲ್ಲಿ ಪ್ರತಿ ಒಂದೇ, ಕೈ ಹಲವು. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1990ರಲ್ಲಿ ಬರೆದ ಮೊದಲ ಬ್ರೌಸರ್‌ನಲ್ಲೇ ಪುಟ ಓದಲೂ ತಿದ್ದಲೂ ಬರುತ್ತಿತ್ತು. ಆಮೇಲೆ ಜನಪ್ರಿಯವಾದ ಬ್ರೌಸರ್‌ಗಳು ಹೆಚ್ಚಾಗಿ ಓದುವುದಕ್ಕೇ ನಿಂತವು. 1995ರಲ್ಲಿ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ ವಿಕಿ ತಂದರು, ಅಂದರೆ ಓದುವವರೇ ಪುಟ ತಿದ್ದಬಹುದಾದ ತಾಣ. ಹವಾಯಿ ಭಾಷೆಯಲ್ಲಿ 'ವಿಕಿ' ಅಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಿಂದ ಅವರಿಗೆ ಅದು ಹೊಳೆದದ್ದು. (ನಮ್ಮ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಸಿಟಿ ಬಸ್ ಹತ್ತಿದವರಿಗೆ ಬಸ್ಸಿನ ವೇಗ ವಿವರಿಸಬೇಕಿಲ್ಲ.) ಇದೇ ರೀತಿಯ ವಿಶ್ವಕೋಶವಾದ ವಿಕಿಪೀಡಿಯ ಶುರುವಾದದ್ದು 2001ರಲ್ಲಿ.

ಈಗ ಮುಖ್ಯ ಪ್ರಶ್ನೆ. ಯಾರು ಬೇಕಾದರೂ ತಿದ್ದಬಹುದು ಅಂದರೆ ಯಾರು ಬೇಕಾದರೂ ಹಾಳು ಮಾಡಬಹುದು ಅಲ್ವಾ? ಮಾಡಬಹುದು. ಆದರೆ ಪುಟದ ಹಿಂದೆ ಇತಿಹಾಸ ಇರುತ್ತದೆ. ಯಾರು, ಯಾವಾಗ, ಏನು ಬದಲಿಸಿದರು ಎಲ್ಲ ಅಲ್ಲಿ ಸಿಗುತ್ತದೆ. ಒಬ್ಬರು ಅರ್ಧ ಗಂಟೆ ಕೂತು ಕೆಡಿಸಿದ್ದನ್ನು ಇನ್ನೊಬ್ಬರು ಒಂದು ಕ್ಲಿಕ್‌ನಲ್ಲಿ ಹಿಂದಕ್ಕೆ ತರಬಹುದು. ಈ ಇತಿಹಾಸ ಇಲ್ಲದಿದ್ದರೆ ಗುರುತಿಲ್ಲದವರ ಕೈಗೆ ನಮ್ಮ ಬರಹ ಕೊಡಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಕಲಿಕೆ ಎಲ್ಲಿ ಬಂತು? ನಮ್ಮ ಗುಂಪಿನವರೆಲ್ಲ ಒಟ್ಟಿಗೆ ಬರೆಯುವ ಗೂಗಲ್ ಡಾಕ್ಸ್ ಕಡತದಲ್ಲಿ ಕರಾವಳಿಯ ಮೀನುಗಳ ಪಟ್ಟಿ ಇತ್ತು. ನಾನು 'ಬೂತಾಯಿ' ಅಂತ ಬರೆದೆ. ಮರುದಿನ ಅದು 'ಬೈಗೆ' ಆಗಿತ್ತು. ತಿದ್ದಿದೆ. ಸಂಜೆಗೆ ಮತ್ತೆ ಬೈಗೆ! ಸಿಟ್ಟಿನಲ್ಲಿ ಇತಿಹಾಸ ತೆಗೆದು ನೋಡಿದರೆ ಕುಂದಾಪುರ ಕಡೆಯ ಗೆಳತಿ. ಅದೇ ಮೀನಿಗೆ ಅವರ ಮನೆಯಲ್ಲಿ ಹೇಳುವುದೇ ಹಾಗೆ. ನಮ್ಮಲ್ಲಿ ತುಳು ಹೆಸರು. ಕಮೆಂಟಿನಲ್ಲಿ ಜಗಳ ಆಡಿ ಆಡಿ ಕೊನೆಗೆ ತಲೆಬರಹಕ್ಕೆ ಅದರ ವೈಜ್ಞಾನಿಕ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಹಾಕಿ, ಕೆಳಗೆ ಎರಡೂ ಹೆಸರು ಬರೆದೆವು. ವೈಜ್ಞಾನಿಕ ಹೆಸರು ಯಾಕೆ ಬೇಕು ಅಂತ ಮೂರು ವರ್ಷ ಬಾಯಿಪಾಠ ಮಾಡಿದ್ದರೂ ತಲೆಗೆ ಹೋಗಿದ್ದು ಅವತ್ತೇ. ಪಿಡಿಎಫ್ ಕಳಿಸಿದ್ದರೆ ಇಬ್ಬರೂ ಸುಮ್ನೆ ನಮ್ಮ ನಮ್ಮ ಹೆಸರೇ ಸರಿ ಅಂದುಕೊಂಡು ಇರುತ್ತಿದ್ದೆವು.

ಪರೀಕ್ಷೆಯಲ್ಲಿ ಸಹಯೋಗಕ್ಕೆ ಉದಾಹರಣೆ ಕೇಳಿದರೆ ತುಳು ವಿಕಿಪೀಡಿಯ ಬರೆಯಿರಿ. ಅದು ಕನ್ನಡ ಲಿಪಿಯಲ್ಲಿದೆ, ಸ್ವಂತ ತಾಣವಾದದ್ದು 2016ರಲ್ಲಿ. ಅದಕ್ಕೂ ಮೊದಲು ವರ್ಷಗಟ್ಟಲೆ 'ಇನ್‌ಕ್ಯುಬೇಟರ್' ಅನ್ನುವ ಪ್ರಯೋಗದ ಜಾಗದಲ್ಲಿ ಇತ್ತು. ಅಲ್ಲಿಂದ ಹೊರಬರಲು ಒಬ್ಬರ ಉತ್ಸಾಹ ಸಾಲದು. ಹಲವರು ಬಿಡದೆ ಬರೆಯುತ್ತಿರಬೇಕು.

ವಿಕಿ, ಡಾಕ್ಸ್ ನಡುವಿನ ವ್ಯತ್ಯಾಸಕ್ಕೆ ಎರಡು ಸಾಲು ಸಾಕು. ವಿಕಿಯಲ್ಲಿ ಇಬ್ಬರು ಒಂದೇ ಸಾಲನ್ನು ಒಟ್ಟಿಗೆ ತಿದ್ದಿದರೆ, ತಡವಾಗಿ ಉಳಿಸಿದವರಿಗೆ ಘರ್ಷಣೆಯ ಸೂಚನೆ ಬರುತ್ತದೆ. ಡಾಕ್ಸ್ ಬರೆಯುತ್ತಿರುವಾಗಲೇ ಎರಡನ್ನೂ ಬೆಸೆಯುತ್ತದೆ.

ಸಹಯೋಗದ ಕೊರತೆ ಬರೆಯದೆ ಬಿಡಬೇಡಿ. ಎಂಟು ಜನರ ಗುಂಪಿನಲ್ಲಿ ಬರೆಯುವವರು ಇಬ್ಬರು, ನೋಡುವವರು ಆರು. ಅಂಕ ಮಾತ್ರ ಎಲ್ಲರಿಗೂ ಸಮ. ಅದಕ್ಕೇ ನಮ್ಮ ಮೇಡಂ ಈಗ ಇತಿಹಾಸ ತೆರೆದು ನೋಡಿಯೇ ಅಂಕ ಹಾಕುತ್ತಾರೆ. ಹೋದ ಸಲ ಒಬ್ಬರ ಹೆಸರಿನ ಮುಂದೆ ಇದ್ದದ್ದು ರಾತ್ರಿ 11.50ಕ್ಕೆ ಸೇರಿಸಿದ ಎರಡು ಅಲ್ಪವಿರಾಮ.