ಹೂ ಉದುರಿದ ಆರ್ಕಿಡ್ ದಂಟು ಕತ್ತರಿಸೋ ಮುಂಚೆ

ಕುಂಡದಲ್ಲಿರೋ ಫೆಲನಾಪ್ಸಿಸ್ ಆರ್ಕಿಡ್‌ನಲ್ಲಿ ಕೊನೇ ಹೂ ಉದುರಿದ ತಕ್ಷಣ ತುಂಬಾ ಜನ ಹೂದಂಟನ್ನ ಬುಡಕ್ಕೇ ಕತ್ತರಿಸ್ತಾರೆ, ಇನ್ನೂ ಕೆಲವರು ಗಿಡಾನೇ ಎಸೀತಾರೆ, ನೋಡೋಕೆ ಸಂಕಟ ಆಗುತ್ತೆ. ದಂಟು ಹಸಿರಾಗಿದ್ರೆ ಅದಕ್ಕಿನ್ನೂ ಜೀವ ಇದೆ. ಕಬ್ಬಿನ ಥರ ಅದ್ರಲ್ಲೂ ಗಿಣ್ಣುಗಳಿರುತ್ತೆ, ಗಿಣ್ಣಿನ ಪೊರೆಯೊಳಗೆ ಒಂದೊಂದು ಕುಡಿ ಸುಮ್ನೆ ಮಲಗಿರುತ್ತೆ, ಕೆಳಗಿಂದ ಎರಡು ಮೂರು ಗಿಣ್ಣು ಉಳಿಸಿ ಅದಕ್ಕಿಂತ ಸ್ವಲ್ಪ ಮೇಲೆ ಕತ್ತರಿಸಿದ್ರೆ ಅಲ್ಲಿಂದ ಹೊಸ ಕವಲು ಬಂದು ಮತ್ತೆ ಹೂ ಬಿಡಬಹುದು, ಅಪರೂಪಕ್ಕೆ ಹೂವಿನ ಬದಲು ಮರಿಗಿಡಾನೇ ಬರುತ್ತೆ. ದಂಟು ಕಂದು ಬಣ್ಣಕ್ಕೆ ತಿರುಗಿ ಒಣಗಿದ್ರೆ ಮಾತ್ರ ಬುಡಕ್ಕೆ ಕತ್ತರಿಸಿ. ಗಿಡ ಸೊರಗಿ ಎರಡೇ ಎಲೆ ಉಳಿದಿದ್ರೂ ಅಷ್ಟೇ, ಆಗ ಹೂವಿನ ಆಸೆ ಬಿಡೋದೇ ಒಳ್ಳೇದು, ಮೊದ್ಲು ಎಲೆ, ಬೇರು ಚೇತರಿಸಿಕೊಳ್ಳಲಿ. ಕತ್ತರೀನ ಬೆಂಕಿಗೆ ಹಿಡಿದು ಆರಿಸಿಕೊಂಡೇ ಬಳಸಿ, ಆರ್ಕಿಡ್ ವೈರಸ್‌ಗಳು ರಸದ ಮೂಲಕ ಗಿಡದಿಂದ ಗಿಡಕ್ಕೆ ದಾಟುತ್ವೆ, ಅದಕ್ಕೆ ಔಷಧಿ ಇಲ್ಲ.

ಹೊಸ ದಂಟು ಬರಬೇಕಂದ್ರೆ ಗೊಬ್ಬರಕ್ಕಿಂತ ತಂಪು ಮುಖ್ಯ. 28 ಡಿಗ್ರಿಗಿಂತ ಮೇಲೇ ಇದ್ರೆ ಈ ಗಿಡ ಎಲೆ ಬಿಡ್ತಾ ಕೂರುತ್ತೆ, ಕೆಲವು ವಾರ 25ಕ್ಕಿಂತ ಕೆಳಗೆ ಸಿಕ್ಕಿದ್ರೆ ದಂಟು ಹೊರಡುತ್ತೆ. ಅದಕ್ಕೇ ಬೆಂಗಳೂರಿನ ಚಳಿಗಾಲ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಮಂಗಳೂರಿನ ಸೆಖೇಲಿ ಕಷ್ಟ. ಶುರುವಲ್ಲಿ ದಂಟು, ಬೇರು ಎರಡೂ ಒಂದೇ ಥರ ಕಾಣುತ್ತೆ. ಗುಂಡಗೆ ನುಣ್ಣಗಿದ್ರೆ ಬೇರು, ತುದಿ ಸ್ವಲ್ಪ ಚಪ್ಪಟೆಯಾಗಿ ಮೇಲಕ್ಕೆ ತಿರುಗಿದ್ರೆ ದಂಟು.

ನೀರಿನ ವಿಷಯಕ್ಕೆ ಬೇರನ್ನೇ ಕೇಳಿ. ನಮ್ಮ ಮಲೆನಾಡಿನ ಸೀತಾಳೆ ದಂಡೆ ಹಾಗೇನೇ ಇದೂ ಮರದ ಮೇಲೆ ಬೆಳೆಯೋ ಗಿಡ, ಬೇರಿಗೆ ಸ್ಪಂಜಿನಂಥ ಹೊದಿಕೆ ಇರುತ್ತೆ, ಒಣಗಿದಾಗ ಅದ್ರೊಳಗೆ ಗಾಳಿ ತುಂಬಿ ಬೆಳ್ಳಗೆ ಕಾಣುತ್ತೆ, ನೀರು ಕುಡಿದಾಗ ಪಾರದರ್ಶಕವಾಗಿ ಒಳಗಿನ ಹಸಿರು ತೋರುತ್ತೆ. ಬೆಳ್ಳಗಾದ್ಮೇಲೆ ನೀರು ಹಾಕಿ. ಮಣ್ಣು ಬೇಡವೇ ಬೇಡ, ಅದರಲ್ಲಿ ಗಾಳಿ ಆಡದೆ ಬೇರು ಕೊಳೆಯುತ್ತೆ, ತೊಗಟೆ ಚೂರು, ಇದ್ದಿಲು ಸಾಕು. ನೀರು ಬೆಳಗ್ಗೆನೇ ಹಾಕಿ, ಎಲೆಗಳ ನಡುವೆ ನಿಂತ ನೀರು ರಾತ್ರಿಯೊಳಗೆ ಆರದಿದ್ರೆ ಸುಳಿ ಕೊಳೆತು ಗಿಡಾನೇ ಹೋಗಬಹುದು.

ಮೊಗ್ಗು ಕಾಣಿಸಿದ್ಮೇಲೆ ಕುಂಡ ತಿರುಗಿಸಬೇಡಿ, ಬೆಳಕು ನೋಡಿಕೊಂಡು ಹೂಗಳು ದಿಕ್ಕು ಹಿಡಿಯುತ್ವೆ, ಆಗಾಗ ತಿರುಗಿಸಿದ್ರೆ ಒಂದೊಂದು ಒಂದೊಂದು ಕಡೆ ಮುಖ ಮಾಡುತ್ತೆ. ಪಕ್ಕದಲ್ಲಿ ಬಾಳೆಹಣ್ಣಿನ ಬುಟ್ಟಿನೂ ಇಡಬೇಡಿ, ಮಾಗೋ ಹಣ್ಣು ಬಿಡೋ ಎಥಿಲೀನ್ ಅನಿಲಕ್ಕೆ ಮೊಗ್ಗು ಅರಳೋ ಮುಂಚೆನೇ ಉದುರಿಹೋಗುತ್ತೆ.