ಕತೆ ಒಬ್ಬರದು, ಕ್ಯಾಮೆರಾ ಇನ್ನೊಬ್ಬರದು. ಹಾಗಾದರೆ ನಿರ್ದೇಶಕರು ಮಾಡುವುದೇನು?

ಓದುಗರ ಪ್ರಶ್ನೆ: ಕತೆ ಬರೆಯೋರು ಒಬ್ಬರು, ಕ್ಯಾಮೆರಾ ಹಿಡಿಯೋರು ಇನ್ನೊಬ್ಬರು, ನಟಿಸೋರು ಮತ್ತೊಬ್ಬರು. ಆದರೂ ಸಿನಿಮಾ ನಿರ್ದೇಶಕರದು ಅಂತಾರೆ. ಅವರು ನಿಜವಾಗಿ ಮಾಡೋ ಕೆಲಸ ಯಾವುದು ಸರ್? (ದಾವಣಗೆರೆಯ ಒಬ್ಬ ಕಾಲೇಜು ವಿದ್ಯಾರ್ಥಿ)

ಉತ್ತರ: ನಮ್ಮ ಕಡೆ ಕಿರುಚಿತ್ರ ಮಾಡುವ ಹುಡುಗರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. 'ಆ್ಯಕ್ಷನ್, ಕಟ್ ಹೇಳೋದು' ಎಂದರೆ ಯಾರಿಗೂ ಸಮಾಧಾನವಾಗುವುದಿಲ್ಲ, ಆಗಬಾರದು ಕೂಡ. ನನ್ನ ಪ್ರಕಾರ ನಿರ್ದೇಶಕರ ಮೊದಲ ಕೆಲಸ, ಈ ಕತೆಯನ್ನು ಪ್ರೇಕ್ಷಕ ಯಾರ ಪಕ್ಕದಲ್ಲಿ ನಿಂತು ನೋಡಬೇಕು ಎಂದು ತೀರ್ಮಾನಿಸುವುದು. ಲೆನ್ಸು, ಬೆಳಕು, ನಟನೆ, ಎಡಿಟಿಂಗು ಎಲ್ಲವೂ ಆ ತೀರ್ಮಾನದ ಹಿಂದೆ ಬರುತ್ತವೆ.

ಬರೀ ಮಾತಿನಲ್ಲಿ ಹೇಳಿದರೆ ಇದು ಕೈಗೆ ಸಿಗುವುದಿಲ್ಲ. ಚಿತ್ರದುರ್ಗದ ಕೋಟೆಗೇ ಹೋಗೋಣ. ಒನಕೆ ಓಬವ್ವನ ಕಿಂಡಿ ನೀವು ನೋಡಿರುತ್ತೀರಿ. ಬಂಡೆಗಳ ನಡುವೆ ಒಬ್ಬ ಮೈ ಹಿಡಿ ಮಾಡಿಕೊಂಡು ನುಸುಳುವಷ್ಟೇ ಜಾಗ. ಕತೆಯೂ ಗೊತ್ತಿರುವುದೇ. ಓಬವ್ವನ ಗಂಡ, ಕಾವಲಿನ ಮುದ್ದಹನುಮ ಊಟಕ್ಕೆ ಕೂತಿದ್ದಾನೆ, ನೀರಿಗೆ ಹೋದ ಓಬವ್ವನಿಗೆ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿರುವುದು ಕಾಣುತ್ತದೆ, ಕೈಗೆ ಒನಕೆ ಬರುತ್ತದೆ. ಇದನ್ನು ನಾಳೆ ನೀವೇ ಶೂಟ್ ಮಾಡಬೇಕು ಅಂದುಕೊಳ್ಳಿ. ಕ್ಯಾಮೆರಾ ಎಲ್ಲಿಡುತ್ತೀರಿ?

ಒಳಗೆ, ಓಬವ್ವನ ಹೆಗಲ ಹಿಂದೆ ಇಟ್ಟರೆ ನಮಗೂ ಅವಳಿಗೆ ಕಂಡಷ್ಟೇ ಕಾಣುತ್ತದೆ. ಹೊರಗೆ ಹತ್ತು ಜನ ಇದ್ದಾರೋ ಸಾವಿರ ಇದ್ದಾರೋ ತಿಳಿಯದು. ಮುಂದಿನ ತಲೆ ಯಾವಾಗ ಬರುತ್ತದೆ ಎಂದು ಅವಳ ಜೊತೆ ನಾವೂ ಉಸಿರು ಬಿಗಿಹಿಡಿಯುತ್ತೇವೆ. ಹಾಗೆ ಮಾಡುವುದಾದರೆ ಹೊರಗಿನ ಸೈನ್ಯವನ್ನು ಮೊದಲೇ ತೋರಿಸಿಬಿಡಬಾರದು. ಅದೆಷ್ಟು ಚೆಂದದ ಶಾಟ್ ಆಗಿದ್ದರೂ ಬಿಡಲೇಬೇಕು.

ಕ್ಯಾಮೆರಾವನ್ನು ಹೊರಗೆ, ಸೈನಿಕರ ಸಾಲಿನಲ್ಲಿ ನಿಲ್ಲಿಸಿ ನೋಡಿ. ಒಬ್ಬ ನುಸುಳಿದ. ಸದ್ದಿಲ್ಲ. ಇನ್ನೊಬ್ಬ ನುಸುಳಿದ. ಮೂರನೆಯವನ ಮುಖದಲ್ಲಿ ಸಣ್ಣ ಅನುಮಾನ, ಹಿಂದಿನವನು ತಳ್ಳುತ್ತಿದ್ದಾನೆ. ಓಬವ್ವ ಇಲ್ಲಿ ಕಾಣುವುದೇ ಇಲ್ಲ, ಆದರೂ ದೃಶ್ಯದ ತುಂಬ ಅವಳೇ. ಈಗ ನಿಮಗೆ ಬೇಕಾದದ್ದು ಆ ಮೂರನೇ ಸೈನಿಕನ ಪಾತ್ರಕ್ಕೆ ಒಳ್ಳೆಯ ನಟ. ಕತೆ ಅದೇ, ಜಾಗ ಅದೇ, ಸಿನಿಮಾ ಮಾತ್ರ ಬೇರೆ.

ಇನ್ನು ಮುದ್ದಹನುಮನ ಊಟ. ಹೊಡೆತಗಳ ನಡುವೆ ಒಂದೇ ಒಂದು ಸಲ ಅವನು ತುತ್ತು ಕಲಸುವುದನ್ನು ತೋರಿಸಿದರೂ ಸಾಕು, 'ಬೇಗ ಬಾರಪ್ಪ' ಎಂದು ಪ್ರೇಕ್ಷಕ ಅವನ ದಾರಿ ಕಾಯಲು ಶುರುಮಾಡುತ್ತಾನೆ. ತೋರಿಸದೇ ಹೋದರೆ ಓಬವ್ವ ಒಂಟಿ. ಈ ತೀರ್ಮಾನ ಎಡಿಟಿಂಗ್ ಟೇಬಲ್ಲಿನಲ್ಲಿ ಆಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಊಟದ ಶಾಟ್ ತೆಗೆದಿದ್ದರೆ ತಾನೆ ಎಡಿಟರ್ ಕೈಗೆ ಅದು ಸಿಗುವುದು? ಹಾಗಾಗಿ ಶಾಟ್ ಡಿವಿಷನ್, ಅಂದರೆ ದೃಶ್ಯವನ್ನು ಯಾವ ಯಾವ ಶಾಟ್‌ಗಳಲ್ಲಿ ತೆಗೆಯಬೇಕೆಂಬ ಪಟ್ಟಿ, ಬರೆಯುವಾಗಲೇ ಅರ್ಧ ಎಡಿಟಿಂಗ್ ಮುಗಿದಿರಬೇಕು. ಬೆಳಕಿನ ಲೆಕ್ಕವೂ ಅಲ್ಲೇ ಆಗಬೇಕು. ಒಳಗಿನಿಂದ ತೆಗೆದರೆ ಬೆಳಕು ಸೈನಿಕನ ಬೆನ್ನ ಹಿಂದಿನಿಂದ ಬರುತ್ತದೆ, ಮುಖ ಕಪ್ಪಾಗುತ್ತದೆ. ಕಪ್ಪಾಗಿಯೇ ಇರಲಿ ಎಂದರೆ ಅದೊಂದು ಅರ್ಥ, ಮುಖಕ್ಕೆ ಬೆಳಕು ಕೊಡಿ ಎಂದರೆ ಇನ್ನೊಂದು. ಬೆಳಕು ಕೊಡುವವರು ಛಾಯಾಗ್ರಾಹಕರು. ಕೊಡಬೇಕೋ ಬೇಡವೋ ಎಂದು ಹೇಳಬೇಕಾದವರು ನಿರ್ದೇಶಕರು.

ಇದೇ ಪ್ರಸಂಗವನ್ನು ಪುಟ್ಟಣ್ಣ ಕಣಗಾಲ್ 1972ರ 'ನಾಗರಹಾವು' ಚಿತ್ರದಲ್ಲಿ ಹಾಡಿನ ಮೂಲಕ ಹೇಳಿದರು. ಓಬವ್ವನಾಗಿ ಬಂದದ್ದು ಜಯಂತಿ. ಹಾಡಾದ್ದರಿಂದ ಲಾವಣಿ ಹೇಳುವವನ ದನಿ ಬಂತು, ಊರಿನ ಅಭಿಮಾನ ಬಂತು. ಅದರೆದುರು ಕಿಂಡಿಯ ಭಯ ಹಿಂದೆ ಸರಿಯಿತು. ಅದು ಅವರ ಆಯ್ಕೆ. ಆ ಚಿತ್ರಕ್ಕೆ ಆಧಾರವಾದದ್ದು ತರಾಸು ಅವರ ಮೂರು ಕಾದಂಬರಿಗಳು. ಮೂರನ್ನು ಒಂದೇ ಚಿತ್ರದಲ್ಲಿ ಹಿಡಿಸಬೇಕೆಂದರೆ ಎಷ್ಟೋ ಬಿಡಬೇಕು. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತರಾಸು ಬೇಸರಪಟ್ಟರೆಂಬ ಮಾತು ದುರ್ಗದಲ್ಲಿ ಇವತ್ತಿಗೂ ಕೇಳಿಬರುತ್ತದೆ. ಲೇಖಕರ ನೋವು ಸಣ್ಣದಲ್ಲ. ಆದರೆ ಚಿತ್ರ ನೋಡಿದವರ ಮನಸ್ಸಿನಲ್ಲಿ ಐವತ್ತು ವರ್ಷ ಕಳೆದರೂ ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟ್ರು ಜೋಡಿಯಾಗಿಯೇ ಉಳಿದಿದ್ದಾರಲ್ಲ, ಅದಕ್ಕೆ ಕಾರಣ ಪುಟ್ಟಣ್ಣ ಆ ಸಂಬಂಧವನ್ನು ಹಿಡಿದು ಮಿಕ್ಕಿದ್ದನ್ನು ಸಡಿಲ ಬಿಟ್ಟದ್ದು. ಬಿಡುವ ಧೈರ್ಯ ಇಲ್ಲದವರು ಕಾದಂಬರಿ ಮುಟ್ಟಬಾರದು ಎಂದೇ ನನಗನಿಸುತ್ತದೆ.

ಅದೇ ಚಿತ್ರದ 'ಬಾರೇ ಬಾರೇ' ಹಾಡು ಸ್ಲೋ ಮೋಷನ್ನಿಗೆ ಹೆಸರುವಾಸಿ. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರಗಳು ಓಡುತ್ತವೆ. ಸೆಕೆಂಡಿಗೆ 48 ಫ್ರೇಮ್ ತೆಗೆದು 24ರಲ್ಲಿ ಓಡಿಸಿದರೆ ಚಲನೆ ಅರ್ಧ ವೇಗಕ್ಕೆ ಇಳಿಯುತ್ತದೆ. ಆಗ ನಟರ ತುಟಿ ಹಾಡಿಗೆ ಕೂಡಬೇಕೆಂದರೆ ಶೂಟಿಂಗಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಬೇಕು. ಇದು ತಂತ್ರ, ಯಾರೂ ಕಲಿಯಬಹುದು. ಯಾವ ಹಾಡಿಗೆ ಅದು ಬೇಕು ಎನ್ನುವುದನ್ನು ಕಲಿಯುವುದಕ್ಕೇ ಕಾಲ ಹಿಡಿಯುತ್ತದೆ. ಪುಟ್ಟಣ್ಣ ಕೂಡ ಸ್ವತಂತ್ರ ನಿರ್ದೇಶಕರಾಗುವ ಮೊದಲು ನಿರ್ದೇಶಕ ಬಿ.ಆರ್. ಪಂತುಲು ಅವರ ಬಳಿ ದುಡಿದವರು.

ಎಲ್ಲರೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಸತ್ಯಜಿತ್ ರಾಯ್ ಮೂಲತಃ ಚಿತ್ರ ಬಿಡಿಸುವವರು. ಶಾಟ್‌ಗಳನ್ನು ಪುಸ್ತಕದಲ್ಲಿ ಬಿಡಿಸಿಕೊಳ್ಳುತ್ತಿದ್ದರು. ಗಿರೀಶ್ ಕಾಸರವಳ್ಳಿ 1977ರ 'ಘಟಶ್ರಾದ್ಧ'ದಲ್ಲಿ ನಮ್ಮನ್ನು ಪುಟ್ಟ ಹುಡುಗ ನಾಣಿಯ ಪಕ್ಕದಲ್ಲಿ ನಿಲ್ಲಿಸಿ ದೊಡ್ಡವರ ಕ್ರೌರ್ಯವನ್ನು ತೋರಿಸಿದರು. ರಾಮ್ ರೆಡ್ಡಿ 'ತಿಥಿ'ಗೆ ನಟನೆಯ ಗಂಧವಿಲ್ಲದ ಮಂಡ್ಯ ಸೀಮೆಯ ಜನರನ್ನೇ ಆರಿಸಿಕೊಂಡರು. ಅಂಥವರಿಗೆ ಸಂಭಾಷಣೆ ಬಾಯಿಪಾಠ ಮಾಡಿಸಿದರೆ ಜೀವ ಹೋಗುತ್ತದೆ. ಅವರ ನಡೆನುಡಿಗೆ ತಕ್ಕಂತೆ ದೃಶ್ಯವೇ ಬಗ್ಗಬೇಕು.

ನಟರ ಜೊತೆಗಿನ ಕೆಲಸ ನಿಮಗೆ ಹೊಸದಾಗಿದ್ದರೆ ದೂರ ಹೋಗಬೇಕಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ರಂಗತಂಡದ ನಾಟಕಗಳನ್ನು ನೋಡಿ, ತಾಲೀಮಿಗೆ ಕೂರಬಹುದೇ ಎಂದು ವಿನಯದಿಂದ ಕೇಳಿ. ಒಂದೇ ಮಾತನ್ನು ನಟ ನಾಲ್ಕು ರೀತಿ ಹೇಳಿದಾಗ ಯಾವುದು ಸರಿ, ಏಕೆ ಸರಿ ಎಂದು ಮನಸ್ಸಿನಲ್ಲೇ ಉತ್ತರಿಸುತ್ತಾ ಹೋಗಿ. ಸೆಟ್ಟಿನಲ್ಲಿ 'ಒನ್ ಮೋರ್' ಎನ್ನುವುದು ಸುಲಭ. ಮುಂದಿನ ಟೇಕಿನಲ್ಲಿ ಏನು ಬದಲಾಗಬೇಕು ಎಂದು ನಟರಿಗೆ ಒಂದು ವಾಕ್ಯದಲ್ಲಿ ಹೇಳಲು ಬರಬೇಕು.

ಕಿಂಡಿಯ ದೃಶ್ಯವನ್ನು ಎರಡೂ ರೀತಿಯಲ್ಲಿ ಶಾಟ್ ಡಿವಿಷನ್ ಮಾಡಿ ಕಳಿಸಿದರೆ ಖಂಡಿತ ಓದುತ್ತೇನೆ. ಕಾಗದದ ಮೇಲೆ ಮಾಡಲು ಯಾರ ಅಪ್ಪಣೆಯೂ ಬೇಡ. ಚಿತ್ರೀಕರಣಕ್ಕೇ ಇಳಿಯುವುದಾದರೆ ಮಾತ್ರ ಒಂದು ನೆನಪಿರಲಿ, ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. ಅನುಮತಿ ಕೈಗೆ ಬಂದ ಮೇಲೆಯೇ ಕಲಾವಿದರ ಡೇಟ್ ಕೇಳಿ.